ರೆಸಾರ್ಟ್ ಡ್ಯೂಟಿ ಮಾಡಿಕೊಂಡು ಹಸೆ ಚಿತ್ತಾರ ಬರೆಯೋದು ಹೇಗೆ? ಕೆಲಸ ಬಿಡಬೇಕಾ?

ಪುಂಡಿನಾರು (ಸಾಗರ):

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಒಂದು ರೆಸಾರ್ಟಿನ ರೆಸ್ಟೋರೆಂಟಿನಲ್ಲಿ ಕ್ಯಾಪ್ಟನ್ ಆಗಿ ನಾಲ್ಕು ವರ್ಷದಿಂದ ಇದ್ದೇನೆ. ನಮ್ಮದು ದೀವರ ಸಮುದಾಯದ ಮನೆ. ಚಿಕ್ಕವಳಿದ್ದಾಗಲೇ ಅಜ್ಜಿ ಪಕ್ಕ ಕೂರಿಸಿಕೊಂಡು ಹಸೆ, ಅಂದರೆ ಮದುವೆ ಮನೆ ಗೋಡೆಯ ಚಿತ್ತಾರ, ಬರೆಯೋದು ಕಲಿಸಿದ್ದರು. ಈಗ ಎಂಟು ತಿಂಗಳಾಯಿತು, ಒಂದು ಎಳೆ ಕೂಡ ಎಳೆದಿಲ್ಲ.

ಟೈಮ್ ಇಲ್ಲ ಅಂತಲ್ಲ. ನನ್ನದು ಬ್ರೇಕ್ ಶಿಫ್ಟ್, ಬೆಳಿಗ್ಗೆ 10ರಿಂದ 3, ಮತ್ತೆ ಸಂಜೆ 7ರಿಂದ 11. ನಡುವೆ ನಾಲ್ಕು ಗಂಟೆ ಸಿಗುತ್ತದೆ. ಆದರೆ ಬೆಳಿಗ್ಗೆಯಿಂದ ಬಂದವರಿಗೆಲ್ಲ ನಗುನಗುತ್ತಾ ಮಾತಾಡಿ, ಬೈದವರಿಗೂ ನಕ್ಕು, ಕ್ವಾರ್ಟರ್ಸಿಗೆ ಬಂದು ಕೂತರೆ ಏನೂ ಬೇಡ ಅನ್ನಿಸುತ್ತದೆ, ಮತ್ತೆ 7ಕ್ಕೆ ಹೋಗಬೇಕಲ್ಲ ಅನ್ನೋದೇ ತಲೆಯಲ್ಲಿ ಕೂತಿರುತ್ತದೆ. ಈ ಎಳೆಗಳಿಗೆ ಕೈ ನಡುಗಬಾರದು, ಉಸಿರು ಕೂಡ ನಿಧಾನ ಇರಬೇಕು. ಅರ್ಧ ಮನಸ್ಸಿನಲ್ಲಿ ಬರೆದರೆ ಗೋಡೆ ಮೇಲೆ ಗೊತ್ತಾಗಿಬಿಡುತ್ತದೆ.

ಹೋದ ವರ್ಷ ಭೂಮಿ ಹುಣ್ಣಿಮೆಗೂ ರಜೆ ಸಿಗಲಿಲ್ಲ. ದಸರಾ ಮುಗಿದು ಐದೇ ದಿನಕ್ಕೆ ಬರುತ್ತದಲ್ಲ, ರೂಮೆಲ್ಲ ಫುಲ್. ಅವತ್ತು ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಅಮ್ಮ ಒಬ್ಬರೇ ಚಿತ್ತಾರ ಬರೆದರು. ಫೋಟೋ ಕಳಿಸಿದ್ದರು. ಅದನ್ನು ನೋಡಿ ಸ್ಟೋರ್ ರೂಮಿನಲ್ಲಿ ನಿಂತು ಅತ್ತೆ.

ಈಗ ಇನ್ನೊಂದು ಶುರುವಾಗಿದೆ. ನಾನು ಬರೆಯುತ್ತೇನೆ ಅಂತ ಮ್ಯಾನೇಜರಿಗೆ ಗೊತ್ತಾಗಿ, ರಿಸೆಪ್ಷನ್ ಗೋಡೆಗೆ ಬರೆದುಕೊಡಿ, ಪ್ರತಿ ಶನಿವಾರ ಸಂಜೆ ಗೆಸ್ಟ್‌ಗಳ ಎದುರು ಕೂತು ಬರೆದು ತೋರಿಸಿ ಅನ್ನುತ್ತಿದ್ದಾರೆ. ದುಡ್ಡಿನ ಮಾತಿಲ್ಲ, ನಿಮಗೇ ಪ್ರಚಾರ ಅಂತಾರೆ. ಸಂಬಳ ಮನೆಗೆ ಬೇಕೇ ಬೇಕು. ಆದರೂ ಕೆಲಸ ಬಿಟ್ಟುಬಿಡಲಾ ಅಂತ ದಿನಾ ಯೋಚನೆ. ಹೀಗೆ ಎರಡನ್ನೂ ನಡೆಸಿಕೊಂಡು ಹೋಗುತ್ತಿರುವವರು ಯಾರಾದರೂ ಇದ್ದರೆ ಹೇಳಿ.

ಒಗ್ಗರಣೆ_ಶಿವಮೊಗ್ಗ:

ತಂಗಿ, ಬಿಡಬೇಡ. ಮೊದಲು ಶಿಫ್ಟ್ ಬದಲಾಯಿಸಿಕೋ.

ನಾನು ಶಿವಮೊಗ್ಗದಲ್ಲಿ ಹೋಟೆಲ್ ಅಡುಗೆಮನೆಯಲ್ಲಿ 17 ವರ್ಷದಿಂದ ಇದ್ದೇನೆ, ಕಥೆ ಬರೆಯುತ್ತೇನೆ. ಬ್ರೇಕ್ ಶಿಫ್ಟಿನಲ್ಲಿದ್ದ ಆರು ವರ್ಷ ಒಂದೇ ಒಂದು ಕಥೆ ಮುಗಿದಿರಲಿಲ್ಲ. ಆ ನಾಲ್ಕು ಗಂಟೆ ನಿನ್ನದಲ್ಲ, ಸಂಜೆ ಡ್ಯೂಟಿಗೆ ಕಾಯುವ ಹೊತ್ತು ಅಷ್ಟೆ. ಆಮೇಲೆ ಕೇಳಿಕೊಂಡು ಬ್ರೇಕ್‌ಫಾಸ್ಟ್ ಶಿಫ್ಟಿಗೆ ಹೋದೆ. 4 ಗಂಟೆಗೆ ಏಳೋದು ಕಷ್ಟ, ಮಳೆಗಾಲದಲ್ಲಂತೂ ಕೇಳಬೇಡ. ಆದರೆ ಮಧ್ಯಾಹ್ನ ಎರಡೂವರೆಗೆ ಏಪ್ರನ್ ಬಿಚ್ಚಿದರೆ ಆ ದಿನದ ಡ್ಯೂಟಿ ಮುಗಿಯಿತು, ಮತ್ತೆ ಯಾರೂ ಕರೆಯೋದಿಲ್ಲ. ಒಂದು ಗಂಟೆ ಮಲಗಿ ಎದ್ದು ಬರೆಯಲು ಕೂರುತ್ತೇನೆ. ಬೆಳಗಿನ ಶಿಫ್ಟ್ ಯಾರಿಗೂ ಬೇಡ, ಕೇಳಿದರೆ ಬೇಗ ಕೊಡುತ್ತಾರೆ.

ರಜೆ ವಿಷಯ. ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರಿನಲ್ಲಿ ವರ್ಷದ ಮೊದಲೇ ಇರುತ್ತದೆ ಅಲ್ವಾ? ಜೂನಿನಲ್ಲೇ ಬರೆದುಕೊಡು. ನವರಾತ್ರಿ ಒಂಬತ್ತೂ ದಿನ, ಆಯುಧ ಪೂಜೆಗೂ ನಾನೇ ಇರುತ್ತೇನೆ, ಹುಣ್ಣಿಮೆ ಮತ್ತು ಹಿಂದಿನ ದಿನ ಮಾತ್ರ ಬೇಕು ಅನ್ನು. ರೋಸ್ಟರ್ ಹಾಕುವವರಿಗೆ ಇಂಥ ಮಾತು ಅರ್ಥವಾಗುತ್ತದೆ. ಹಿಂದಿನ ವಾರ ಹೋಗಿ ಕೇಳಿದರೆ ಯಾರೂ ಕೊಡೋದಿಲ್ಲ. ವಾರದ ರಜೆ ಕ್ಯಾನ್ಸಲ್ ಮಾಡುತ್ತಿದ್ದರೆ ಅದನ್ನೂ ಗಟ್ಟಿಯಾಗಿ ಕೇಳು, ಅದು ನಿನ್ನ ಹಕ್ಕು.

ತುಂಗೆ_ದಡ (ತೀರ್ಥಹಳ್ಳಿ):

ಮೇಲಿನವರು ಹೇಳಿದ್ದು ಸರಿ. ಆದರೆ ನನಗೆ ಹೆದರಿಕೆ ಆಗಿದ್ದು ಶನಿವಾರದ ವಿಷಯ ಓದಿ.

ನಮ್ಮದು ಹೋಂಸ್ಟೇ, ನಾನು ಹಾಡುತ್ತೇನೆ. ಗೆಸ್ಟ್‌ಗಳು ಊಟದ ಹೊತ್ತಿಗೆ ಹಾಡಿ ಅಂತ ಕೇಳುತ್ತಿದ್ದರು. ಖುಷಿಯಿಂದಲೇ ಹಾಡಿದೆ, ಎರಡು ವರ್ಷ. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಶ್ರುತಿ ಪೆಟ್ಟಿಗೆ ಹಾಕಿಕೊಂಡು ಕೂತರೆ ಅದೇ ಐದು ಹಾಡು ಬಾಯಿಗೆ ಬರುತ್ತಿವೆ. ಅವರು ತಲೆದೂಗುವ ಐದು ಹಾಡು. ನನಗೆ ಇಷ್ಟವಾದವು, ಕಷ್ಟಪಟ್ಟು ಕಲಿತವು ಎಲ್ಲಾ ಮರೆತೇ ಹೋಗಿದ್ದವು. ಅವತ್ತು ನಿಲ್ಲಿಸಿದೆ. ಈಗ ಮಂಗಳವಾರ ಗೆಸ್ಟ್ ಕಡಿಮೆ, ಅವತ್ತು ನನಗಾಗಿ ಹಾಡುತ್ತೇನೆ.

ನಿಮ್ಮದು ಮದುವೆ ಮನೆಯಲ್ಲಿ ಹಾಡು ಹೇಳಿಕೊಂಡು ಹೆಂಗಸರು ಸೇರಿ ಬರೆಯುವಂಥದ್ದು. ಅದನ್ನು ವಾರವಾರ ಅರ್ಧ ಗಂಟೆಯಲ್ಲಿ ಮುಗಿಸಿ ತೋರಿಸಲು ಹೊರಟರೆ ಬೇಗ ಆಗುವ ಗೊಂಬೆ ಮಾತ್ರ ಕೈಯಲ್ಲಿ ಉಳಿಯುತ್ತದೆ ಮಾರಾಯ್ತಿ. ಶನಿವಾರಕ್ಕೆ ಒಪ್ಪಬೇಡಿ. ಗೋಡೆ ಬೇಕಾದರೆ ಬರೆಯಿರಿ, ಆದರೆ ದುಡ್ಡು ಮಾತಾಡಿ, ಕಾಗದದ ಮೇಲೆ ಬರೆಸಿಕೊಳ್ಳಿ, ಕೆಳಗೆ ನಿಮ್ಮ ಹೆಸರು ಇರಲಿ.

ಅಡಿಕೆ_ಸೋಗೆ:

ನಮ್ಮ ಹೆಗ್ಗೋಡನ್ನೇ ನೋಡಿ. 1949ರಲ್ಲಿ ನೀನಾಸಂ ನಾಟಕ ಸಂಸ್ಥೆ ಶುರು ಮಾಡಿದವರು ಊರಿನವರೇ, ತೋಟ ಗದ್ದೆ ನೋಡಿಕೊಂಡೇ ನಾಟಕ ಆಡುತ್ತಿದ್ದವರು. ರಂಗಶಿಕ್ಷಣ ಕೇಂದ್ರ ಬಂದಿದ್ದು 1980ರಲ್ಲಿ. ಅಷ್ಟೂ ವರ್ಷ ಹೊಟ್ಟೆಪಾಡಿನ ಕೆಲಸದ ಜೊತೆಗೇ ನಡೆದಿದೆ. ಹಾಗಾಗಿ ಕೆಲಸ ಇದ್ದರೆ ಕಲೆ ಆಗೋದಿಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ.

ಒಗ್ಗರಣೆ_ಶಿವಮೊಗ್ಗ:

@ಅಡಿಕೆ_ಸೋಗೆ ಅಣ್ಣ, ತೋಟದ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಡಿಕೆ ಕೊನೆ ಕೊಯ್ಲು ಜೋರಿದ್ದಾಗ ನಾಟಕ ಮುಂದಕ್ಕೆ ಹಾಕಬಹುದು, ತೋಟ ನಮ್ಮದೇ. ಇಲ್ಲಿ ಮಳೆ ಜೋರಾಗಿ ಜೋಗ ತುಂಬಿತು ಅಂದರೆ ಎಲ್ಲರ ರಜೆಯೂ ಹೋಗುತ್ತದೆ. ಇನ್ನೊಬ್ಬರು ಬರೆದ ರೋಸ್ಟರಿನಲ್ಲಿ ನಮ್ಮ ಹೊತ್ತು ಹುಡುಕಬೇಕು.

ಅಡಿಕೆ_ಸೋಗೆ:

ಆ ಮಾತು ಒಪ್ಪಿದೆ. ಆದರೆ ಒಂದು ಹೇಳಲೇಬೇಕು, ನೀನಾಸಂನವರ ಕೈಲಿ ಆಗಿದ್ದು ನಾಲ್ಕು ಜನ ಜೊತೆಗಿದ್ದದ್ದಕ್ಕೆ. ಇನ್ನೊಬ್ಬ ಬಂದು ಕಾಯುತ್ತಿದ್ದಾನೆ ಅಂದರೆ ಸುಸ್ತಾಗಿದ್ದರೂ ಹೋಗುತ್ತೇವೆ. ಕ್ವಾರ್ಟರ್ಸಿನಲ್ಲಿ ಒಬ್ಬಳೇ ಕೂತು ಬರೆಯಬೇಡಮ್ಮ. ಹೌಸ್‌ಕೀಪಿಂಗಿನಲ್ಲಿ ನಿಮ್ಮ ಕಡೆಯ ಹೆಂಗಸರು ಯಾರಾದರೂ ಇರಬೇಕಲ್ಲ, ಕೇಳಿ ನೋಡು.

ಪುಂಡಿನಾರು (ಸಾಗರ):

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ.

ಬರುವ ತಿಂಗಳಿಂದ ಬ್ರೇಕ್‌ಫಾಸ್ಟ್ ಶಿಫ್ಟ್ ಸಿಕ್ಕಿತು, ನಿಜವಾಗಿಯೂ ಅದಕ್ಕೆ ಯಾರೂ ಪೈಪೋಟಿ ಇರಲಿಲ್ಲ. ಶನಿವಾರ ಆಗೋದಿಲ್ಲ ಅಂದೆ, ಕಾಲು ನಡುಗುತ್ತಿತ್ತು, ಆದರೂ ಅಂದೆ. ಗೋಡೆಗೆ ದುಡ್ಡು ಕೇಳಿದ್ದೇನೆ, ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ನೋಡೋಣ.

ಅಡಿಕೆ ಅಣ್ಣ ಹೇಳಿದಂತೆ ಕೇಳಿದೆ. ಲಾಂಡ್ರಿಯಲ್ಲಿರುವ ಒಬ್ಬರು ಅಕ್ಕ ಮದುವೆಗೆ ಮುಂಚೆ ಬರೆಯುತ್ತಿದ್ದರಂತೆ, ನಾಲ್ಕು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಹಾಡುಗಳೂ ಅವರಿಗೆ ನನಗಿಂತ ಜಾಸ್ತಿ ಬರುತ್ತವೆ. ಭಾನುವಾರ ಊರಿಂದ ಅಮ್ಮ ಕೆಮ್ಮಣ್ಣು, ಪುಂಡಿ ನಾರು ಕಳಿಸುತ್ತಾರೆ. ಸೋಮವಾರ ಇಬ್ಬರಿಗೂ ಮಧ್ಯಾಹ್ನ ಬಿಡುವು. ಬಿಳಿ ಬಣ್ಣಕ್ಕೆ ಅಕ್ಕಿ ನೆನೆಹಾಕುವುದು ನನ್ನ ಕೆಲಸ, ನಾರಿನ ಕುಂಚ ಅವರು ಕಟ್ಟುತ್ತಾರಂತೆ.