ಸಾಫ್ಟ್‌ವೇರ್ ಸಿಂಥ್: ತಿಂಗಳ ಚಂದಾ ಕಟ್ಟಲಾ, ಒಂದೇ ಸಲ ಕೊಂಡುಬಿಡಲಾ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಹವ್ಯಾಸಿ ನಾಟಕ ತಂಡಕ್ಕೆ ಸಂಗೀತ ಮಾಡಿಕೊಡುತ್ತೇನೆ. ನಡುವೆ ಗೆಳೆಯರ ಕಿರುಚಿತ್ರಗಳಿಗೂ ಮಾಡುವುದುಂಟು. ಮನೆಯಲ್ಲಿರುವುದು ಹಳೆಯ ಐ5 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, 49 ಕೀಗಳ ಒಂದು ಮಿಡಿ ಕೀಬೋರ್ಡ್ (ಒತ್ತಿದ ಸ್ವರವನ್ನು ಕಂಪ್ಯೂಟರ್‌ಗೆ ತಿಳಿಸುವಂಥದ್ದು). ಕೆಲಸವೆಲ್ಲ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ.

ಈಗ ಮಾಡುತ್ತಿರುವ ನಾಟಕದ ಕಥೆ ಎಂಬತ್ತರ ದಶಕದಲ್ಲಿ ನಡೆಯುತ್ತದೆ. ನಿರ್ದೇಶಕರಿಗೆ ಆ ಕಾಲದ ಸಿಂಥ್ (ಸಿಂಥಸೈಜರ್, ವಿದ್ಯುನ್ಮಾನ ಕೀಬೋರ್ಡ್) ಸದ್ದೇ ಬೇಕು. ನನಗೂ ಅದೇ ಆಸೆ. ನನ್ನ ಪಟ್ಟಿಯಲ್ಲಿ ಮೂರು ಸದ್ದುಗಳಿವೆ. ರೋಲ್ಯಾಂಡ್ ಜೂನೋದ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸದ್ದು), ಯಮಹಾ ಡಿಎಕ್ಸ್7ರ ಎಲೆಕ್ಟ್ರಿಕ್ ಪಿಯಾನೊ, ಆಮೇಲೆ ರೋಲ್ಯಾಂಡ್ ಡಿ-50ಯ ಗಂಟೆಯಂಥ ಸದ್ದು. ನಿಜವಾದ ವಾದ್ಯಗಳನ್ನು ಕೊಳ್ಳುವ ಮಾತೇ ಇಲ್ಲ. ಸಾಫ್ಟ್‌ವೇರೇ ಗತಿ.

ರೋಲ್ಯಾಂಡ್ ಕ್ಲೌಡ್‌ನ ಅಲ್ಟಿಮೇಟ್ ಚಂದಾ ತಿಂಗಳಿಗೆ ಸುಮಾರು 20 ಡಾಲರ್. ಕಟ್ಟಿದರೆ ಅವರ ಹಳೆಯ ಸಿಂಥ್‌ಗಳೆಲ್ಲ ಒಟ್ಟಿಗೆ ಸಿಗುತ್ತವೆ. ಇನ್ನೊಂದು ಕಡೆ ಆರ್ಟೂರಿಯಾ ಕಂಪನಿಯ ವಿ ಕಲೆಕ್ಷನ್ ಅನ್ನುವ ಸಿಂಥ್ ಗುಚ್ಛ ಇದೆ. ಅದು ಪೂರ್ತಿ ಖರೀದಿ, ಆದರೆ ಬೆಲೆ ಕೇಳಿ ಸುಮ್ಮನಾದೆ. ನನ್ನ ಕೈಯಲ್ಲಿರುವುದು ಎಂಟರಿಂದ ಹತ್ತು ಸಾವಿರ ರೂಪಾಯಿ.

ನಿಜವಾದ ಚಿಂತೆ ಬೇರೆಯೇ ಇದೆ. ನಮ್ಮ ನಾಟಕಗಳು ಒಂದು ಪ್ರದರ್ಶನಕ್ಕೆ ಮುಗಿಯುವುದಿಲ್ಲ. ವರ್ಷ ಬಿಟ್ಟು ಸಾಗರದಿಂದಲೋ ಹೆಗ್ಗೋಡಿನಿಂದಲೋ ಕರೆ ಬರುತ್ತದೆ. ಆಗ ಚಂದಾ ನಿಲ್ಲಿಸಿದ್ದರೆ ನನ್ನ ಪ್ರಾಜೆಕ್ಟ್ ತೆರೆಯುತ್ತದಾ? ಅನುಭವ ಇದ್ದವರು ಹೇಳಿ.

ಪಿಚ್‌ಬೆಂಡ್ ಬರೆದದ್ದು:

ನಾನು ಬೆಂಗಳೂರಿನಲ್ಲಿ ಜಾಹೀರಾತುಗಳಿಗೆ ಜಿಂಗಲ್ ಮಾಡುತ್ತೇನೆ. ನನ್ನ ಓಟು ಚಂದಾಕ್ಕೆ. ಇವತ್ತು ಒಬ್ಬರಿಗೆ ಜುಪಿಟರ್-8ರ ಬ್ರಾಸ್ ಬೇಕು, ನಾಳೆ ಇನ್ನೊಬ್ಬರಿಗೆ ಟಿಆರ್-808ರ ಡ್ರಮ್ ಬೇಕು. ಯಾವುದು ಯಾವಾಗ ಬೇಕಾಗುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. ಎಲ್ಲವನ್ನೂ ಕೊಳ್ಳಲು ಹೋದರೆ ಲಕ್ಷ ದಾಟುತ್ತದೆ. ಚಂದಾದ ದುಡ್ಡನ್ನು ಬಿಲ್ಲಿನಲ್ಲೇ ಸೇರಿಸುತ್ತೇನೆ. ಕೆಲಸ ಮುಗಿದ ಮೇಲೆ ಆ ಪ್ರಾಜೆಕ್ಟನ್ನು ಮತ್ತೆ ತೆರೆಯುವ ಪ್ರಸಂಗ ಬರುವುದೇ ಕಡಿಮೆ.

ಕಪ್ಪು_ಮೂರು ಬರೆದದ್ದು:

ಪಿಚ್‌ಬೆಂಡ್ ಹೇಳಿದ್ದು ಅವರ ಕೆಲಸಕ್ಕೆ ಸರಿ. ನಾಟಕದವರ ಕೆಲಸ ಹಾಗಲ್ಲ. ನಮಗೆ ಹಳೆಯ ಪ್ರಾಜೆಕ್ಟ್ ಮತ್ತೆ ಮತ್ತೆ ಬೇಕಾಗುತ್ತದೆ.

ತುಂಗಾತೀರ ಅವರೇ, ಚಂದಾನಾ ಖರೀದಿನಾ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಒಂದೊಂದು ಸದ್ದಿನ ಬಗ್ಗೆಯೂ ಇದನ್ನು ಕೇಳಿಕೊಳ್ಳಿ: ಈ ಸದ್ದನ್ನು ಎಷ್ಟು ಜನ ಮಾಡಿ ಮಾರಬಲ್ಲರು? ನಿಮ್ಮ ಮೂರು ಸದ್ದುಗಳಿಗೆ ಮೂರು ಬೇರೆ ಬೇರೆ ಉತ್ತರ ಬರುತ್ತವೆ.

ಜೂನೋ ಅನಲಾಗ್ ವಾದ್ಯ. ಅದರ ಸದ್ದು ಇರುವುದು ಸರ್ಕ್ಯೂಟ್‌ನಲ್ಲಿ. ಮುಚ್ಚಳ ತೆಗೆದು, ಅಳೆದು, ಅದರ ನಡವಳಿಕೆಯನ್ನು ಕೋಡ್‌ನಲ್ಲಿ ಬರೆಯಲು ಗೊತ್ತಿದ್ದವರು ಯಾರು ಬೇಕಾದರೂ ಮಾಡಬಹುದು. ಮಾಡಿದ್ದಾರೆ ಕೂಡ. ಸ್ವಿಟ್ಜರ್ಲೆಂಡಿನ ಟಾಲ್‌ನವರ ಯು-ನೋ-ಎಲ್‌ಎಕ್ಸ್ ಇದೆ. ಅದು 1982ರ ಜೂನೋ-60ರ ಮಾದರಿ, 60 ಡಾಲರ್. ಚೆರ್ರಿ ಆಡಿಯೋದ ಡಿಸಿಒ-106 ಇದೆ. ಅದು 1984ರ ಜೂನೋ-106ರದ್ದು, ಬೆಲೆ ಇನ್ನೂ ಕಡಿಮೆ. ಆರ್ಟೂರಿಯಾದವರು ಜೂನ್-6 ವಿ ಅಂತ ಬಿಡಿಯಾಗಿಯೂ ಮಾರುತ್ತಾರೆ, ಇಡೀ ಕಲೆಕ್ಷನ್ ಕೊಳ್ಳಬೇಕಿಲ್ಲ. ರೋಲ್ಯಾಂಡ್‌ನವರದೇ ಆದದ್ದೂ ಇದೆ. ಇಷ್ಟು ಜನ ಪೈಪೋಟಿಗೆ ನಿಂತಿರುವ ಸದ್ದಿಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಡಿ. ಟ್ರಯಲ್ ಹಾಕಿ ಕೇಳಿ, ಒಂದನ್ನು ಕೊಂಡುಕೊಳ್ಳಿ.

ಜೂನೋ ಅಂದರೆ ನನಗೆ ಪ್ರಾಣ, ಅದಕ್ಕೆ ಇನ್ನೆರಡು ಮಾತು. ಅದರಲ್ಲಿ ಆರು ಧ್ವನಿ, ಒಂದೊಂದು ಧ್ವನಿಗೆ ಒಂದೇ ಒಂದು ಆಸಿಲೇಟರ್ (ಸದ್ದು ಹುಟ್ಟಿಸುವ ಭಾಗ). ಕಾಗದದ ಮೇಲೆ ನೋಡಿದರೆ ಬಡ ವಾದ್ಯ. ಕೋರಸ್ (ಸದ್ದನ್ನು ದಪ್ಪ ಮಾಡುವ ಇಫೆಕ್ಟ್) ಬಟನ್ ಒತ್ತಿದ ಕೂಡಲೇ ಅದೇ ಬಡ ಸದ್ದು ಕೋಣೆಯ ತುಂಬಾ ಹರಡಿಕೊಳ್ಳುತ್ತದೆ. ಹಾಗಾಗಿ ಟ್ರಯಲ್ ಕೇಳುವಾಗ ಫಿಲ್ಟರ್‌ಗಿಂತ ಜಾಸ್ತಿ ಕೋರಸ್ ಕಡೆ ಕಿವಿಗೊಡಿ. ಕೋರಸ್‌ನ ಒಂದನೇ ಬಟನ್, ಎರಡನೇ ಬಟನ್, ಎರಡೂ ಒಟ್ಟಿಗೆ, ಹೀಗೆ ಒಂದೊಂದಾಗಿ ಹಾಕಿ ಕೇಳಿ. ಎರಡನ್ನೂ ಒಟ್ಟಿಗೆ ಒತ್ತುವ ಅವಕಾಶ ಇದ್ದದ್ದು 60ರಲ್ಲಿ, 106ರಲ್ಲಿ ಇರಲಿಲ್ಲ. ಆರ್ಪೆಜಿಯೇಟರ್ (ಒತ್ತಿದ ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸುವ ಸೌಲಭ್ಯ) ಇದ್ದದ್ದೂ 60ರಲ್ಲೇ.

ಇನ್ನು ಡಿಎಕ್ಸ್7. 1983ರದ್ದು. ಅದರೊಳಗೆ ನಡೆಯುವುದೆಲ್ಲ ಲೆಕ್ಕ. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ (ಒಂದು ಅಲೆಯಿಂದ ಇನ್ನೊಂದರ ಕಂಪನವನ್ನು ಬದಲಿಸುವ) ವಿಧಾನವನ್ನು ಯಮಹಾ ಲೈಸೆನ್ಸ್ ಪಡೆದು ಚಿಪ್‌ಗೆ ಇಳಿಸಿತು. ಆರು ಆಪರೇಟರ್ (ಅಲೆ ಹುಟ್ಟಿಸುವ ಘಟಕ), ಅವನ್ನು ಜೋಡಿಸುವ 32 ಅಲ್ಗಾರಿದಮ್. ಒಂದು ಪ್ಯಾಚ್ (ಒಂದು ಸದ್ದಿನ ಸೆಟ್ಟಿಂಗ್) ಅಂದರೆ ಬರೀ ಅಂಕಿಗಳ ಸಾಲು. ಅದೇ ಅಂಕಿಗಳನ್ನು ಕೊಟ್ಟರೆ ಹೆಚ್ಚುಕಡಿಮೆ ಅದೇ ಸದ್ದು ಬರುತ್ತದೆ. ಡೆಕ್ಸ್‌ಡ್ ಅನ್ನುವ ಉಚಿತ ಪ್ಲಗಿನ್ (ರೀಪರ್‌ನಂಥ ಸಾಫ್ಟ್‌ವೇರ್ ಒಳಗೆ ಓಡುವ ವಾದ್ಯ) ಇದೆ, ಓಪನ್ ಸೋರ್ಸ್. ಮೂಲ ವಾದ್ಯದ ಪ್ಯಾಚ್‌ಗಳಿರುವ ಸಿಸ್‌ಎಕ್ಸ್ ಫೈಲ್‌ಗಳನ್ನೇ ಅದರೊಳಗೆ ತೆರೆಯಬಹುದು. ಇದಕ್ಕೆ ನೀವು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿಲ್ಲ.

ಡಿ-50ಯ ಕಥೆ ಬೇರೆ. 1987ರಲ್ಲಿ ಬಂದ ಆ ವಾದ್ಯದಲ್ಲಿ ರೆಕಾರ್ಡ್ ಮಾಡಿದ ಚಿಕ್ಕ ಚಿಕ್ಕ ಸದ್ದುಗಳಿವೆ. ಗಂಟೆಗೆ ಹೊಡೆದ ಮೊದಲ ಏಟು ರೆಕಾರ್ಡಿಂಗ್, ಆಮೇಲೆ ಎಳೆದುಕೊಂಡು ಹೋಗುವ ಭಾಗ ಸಿಂಥ್. ಆ ರೆಕಾರ್ಡಿಂಗ್‌ಗಳು ರೋಲ್ಯಾಂಡ್‌ನ ಆಸ್ತಿ. ಹತ್ತಿರದ ಸದ್ದನ್ನು ಬೇರೆಯವರು ಮಾಡಿಯಾರು, ಅದೇ ಸದ್ದನ್ನು ಮಾಡಲಾರರು. ರೋಲ್ಯಾಂಡ್‌ನವರದೇ ಜೆವಿ-1080 ಸಿಂಥ್, ಎಸ್‌ಆರ್‌ಎಕ್ಸ್ ಅನ್ನುವ ಸದ್ದಿನ ಕಾರ್ಡ್‌ಗಳದ್ದೂ ಇದೇ ಮಾತು. ನಾನು ಆರ್ಕೆಸ್ಟ್ರಾದಲ್ಲಿ ರೋಲ್ಯಾಂಡ್‌ನ ಎಕ್ಸ್‌ಪಿ-50 ಕೀಬೋರ್ಡ್ ಬಾರಿಸುತ್ತಿದ್ದವನು. ಅದರ ಸ್ಟ್ರಿಂಗ್ಸ್ ಬೇಕು ಅನ್ನಿಸಿದರೆ ರೋಲ್ಯಾಂಡ್ ಬಾಗಿಲಿಗೇ ಹೋಗಬೇಕು. ಕಾರ್ಗ್‌ನ ಎಂ1ರಲ್ಲೂ ಸದ್ದು ಕಂಪನಿಯದ್ದೇ. ಆದರೆ ಅವರು ಅದನ್ನು ಒಂದೇ ಸಲಕ್ಕೆ ಮಾರಿಬಿಡುತ್ತಾರೆ.

ಆದ್ದರಿಂದ ಚಂದಾದ ಪ್ರಶ್ನೆ ಏಳುವುದು ಡಿ-50ಗೆ ಮಾತ್ರ. ಅಲ್ಲೂ ದಾರಿಯಿದೆ. 2020ರಿಂದ ರೋಲ್ಯಾಂಡ್‌ನವರು ಲೈಫ್‌ಟೈಮ್ ಕೀ ಅಂತ ಬಿಡಿಬಿಡಿಯಾಗಿಯೂ ಮಾರುತ್ತಿದ್ದಾರೆ. ಒಂದು ಸಲ ಕೊಂಡರೆ ಆ ವಾದ್ಯಕ್ಕೆ ಚಂದಾ ಬೇಕಿಲ್ಲ. ಆದರೆ ಹೆಸರಾಂತ ಸಿಂಥ್‌ಗಳ ಕೀ ನಿಮ್ಮ ಬಜೆಟ್ ಮೀರುತ್ತದೆ. ನಾಟಕದಲ್ಲಿ ಡಿ-50 ಇರುವುದು ಒಂದೆರಡು ಕಡೆ ಅಂತಾದರೆ ಒಂದು ತಿಂಗಳ ಚಂದಾ ಕಟ್ಟಿ, ಆ ಭಾಗಗಳನ್ನು ಅದೇ ತಿಂಗಳು ಮುಗಿಸಿ, ಆಡಿಯೋ ಆಗಿ ಇಳಿಸಿಕೊಳ್ಳಿ.

ನಿಮ್ಮ ಚಿಂತೆಗೆ ಉತ್ತರ: ಪ್ರಾಜೆಕ್ಟ್ ತೆರೆಯುತ್ತದೆ, ಆ ಟ್ರ್ಯಾಕ್ ಮಾತ್ರ ಮೂಕವಾಗಿರುತ್ತದೆ. ಇದು ನನಗೆ ಆಗಿದೆ. ಒಂದು ಪ್ಲಗಿನ್ ಕಂಪನಿಗೆ ನನ್ನ ಕಾರ್ಡ್‌ನಿಂದ ಚಂದಾದ ದುಡ್ಡು ಹೋಗಲಿಲ್ಲ. ಕಾರ್ಡ್‌ನಲ್ಲಿ ದುಡ್ಡಿತ್ತು, ಕಂಪನಿಯ ಕಡೆಯಿಂದ ಒಂದು ಇಮೇಲ್ ಬಿಟ್ಟರೆ ಬೇರೇನೂ ಇಲ್ಲ. ಧಾರವಾಡದಲ್ಲಿ ಪ್ರದರ್ಶನದ ಹಿಂದಿನ ರಾತ್ರಿ ಒಂದು ಹಾಡಿನ ಶ್ರುತಿ ಇಳಿಸಬೇಕಾಗಿ ಬಂತು. ಹಾಡುಗಾರ್ತಿಗೆ ಗಂಟಲು ಕೆಟ್ಟಿತ್ತು. ಲ್ಯಾಪ್‌ಟಾಪ್ ತೆರೆದರೆ ಪ್ಯಾಡ್ ಇಲ್ಲ. ನಾನೇ ಬರೆದ ಸ್ವರ, ನಾನೇ ತಿರುಗಿಸಿದ ನಾಬ್, ನನ್ನ ಕೈಗೇ ಸಿಗಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಖರೀದಿಯನ್ನೂ ಅಜರಾಮರ ಅಂದುಕೊಳ್ಳಬೇಡಿ. 2019ರಲ್ಲಿ ಮ್ಯಾಕ್‌ನ ಕ್ಯಾಟಲೀನಾ ಅನ್ನುವ ಆಪರೇಟಿಂಗ್ ಸಿಸ್ಟಂ ಬಂದಾಗ ಹಳೆಯ 32-ಬಿಟ್ ಪ್ಲಗಿನ್‌ಗಳೆಲ್ಲ ಅಲ್ಲಿ ನಿಂತುಹೋದವು, ದುಡ್ಡು ಕೊಟ್ಟು ಕೊಂಡವೂ ಸೇರಿ. ವ್ಯತ್ಯಾಸ ಇಷ್ಟೇ: ಕೊಂಡದ್ದಾದರೆ ಹಳೆಯ ಕಂಪ್ಯೂಟರನ್ನು ಹಾಗೇ ಇಟ್ಟುಕೊಂಡು ಬಾರಿಸುತ್ತಾ ಇರಬಹುದು. ಕ್ಯಾಮೆಲ್ ಆಡಿಯೋ 2015ರಲ್ಲಿ ಬಾಗಿಲು ಮುಚ್ಚಿ ಆಪಲ್ ಪಾಲಾಯಿತು. ಅವರ ಆಲ್ಕೆಮಿ ಅನ್ನುವ ಸಿಂಥ್ ಕೊಂಡು, ಇನ್‌ಸ್ಟಾಲರ್ ಜೋಪಾನವಾಗಿ ಇಟ್ಟುಕೊಂಡಿದ್ದವರು ಆಮೇಲೂ ಬಳಸಿದರು. ಚಂದಾ ಕೊಡುವ ಕಂಪನಿ ಮುಚ್ಚಿದರೆ ಆ ಅವಕಾಶ ಇರುವುದಿಲ್ಲ.

ಬಳಸುವವರು ಸುಮ್ಮನೆ ಕೂರಬಾರದು ಅನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. 2023ರ ಮಾರ್ಚ್‌ನಲ್ಲಿ ಪ್ಲಗಿನ್ ಮಾಡುವ ವೇವ್ಸ್ ಕಂಪನಿ ಇನ್ನು ಮೇಲೆ ಖರೀದಿ ಇಲ್ಲ, ಚಂದಾ ಮಾತ್ರ ಅಂತ ಘೋಷಿಸಿತು. ಜಗತ್ತಿನ ಎಲ್ಲ ಕಡೆಯಿಂದ ಜನ ತಿರುಗಿಬಿದ್ದರು. ಕೆಲವೇ ದಿನಗಳಲ್ಲಿ ಖರೀದಿಯನ್ನು ವಾಪಸ್ ತರಬೇಕಾಯಿತು.

ನಾಲ್ಕನೇ_ಟ್ರ್ಯಾಕ್ ಬರೆದದ್ದು:

ಕಾರ್ಡ್ ವಿಷಯಕ್ಕೆ ಒಂದಿಷ್ಟು ಸೇರಿಸುತ್ತೇನೆ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಕಾರ್ಡ್‌ನಿಂದ ಪ್ರತಿ ತಿಂಗಳು ತಾನಾಗಿ ದುಡ್ಡು ಕಡಿತವಾಗಬೇಕಾದರೆ ನೀವು ಮೊದಲೇ ಒಪ್ಪಿಗೆ ದಾಖಲಿಸಿರಬೇಕು. ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆಯೂ ಬರಬೇಕು. ಈ ವ್ಯವಸ್ಥೆಗೆ ಹೊಂದಿಕೊಳ್ಳದ ವಿದೇಶಿ ಕಂಪನಿಗಳ ಕಂತು ತಿರಸ್ಕಾರವಾಗುತ್ತದೆ. ಕಪ್ಪು_ಮೂರು ಅವರಿಗೆ ಆದದ್ದು ಬಹುಶಃ ಇದೇ. ಹಾಗಾಗಿ ತಿಂಗಳ ಚಂದಾ ತೆಗೆದುಕೊಂಡರೆ ಕಂತಿನ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಳ್ಳಿ, ಹೋಯಿತಾ ಇಲ್ಲವಾ ಅಂತ ಕಣ್ಣಾರೆ ನೋಡಿ. ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಆನ್ ಮಾಡಿರಬೇಕು, ಅದು ಮೊದಲಿಗೆ ಆಫ್ ಇರುತ್ತದೆ.

ಡಾಲರ್ ಬೆಲೆ ನೋಡಿ ಲೆಕ್ಕ ಹಾಕುವಾಗ 18 ಪರ್ಸೆಂಟ್ ಜಿಎಸ್‌ಟಿ ಮತ್ತು ಕಾರ್ಡ್‌ನ ವಿದೇಶಿ ಶುಲ್ಕವನ್ನು ಸೇರಿಸಿ. 20 ಡಾಲರ್ ಅನ್ನುವುದು ಕೈಬಿಟ್ಟು ಹೋಗುವಾಗ ಎರಡು ಸಾವಿರದ ಮೇಲೆಯೇ ಆಗುತ್ತದೆ. ಕೊಳ್ಳುವುದಕ್ಕೆ ನವೆಂಬರ್ ತಿಂಗಳವರೆಗೆ ಕಾಯಲು ಆಗುವುದಾದರೆ ಕಾಯಿರಿ. ಆಗ ಪ್ಲಗಿನ್‌ಗಳ ಬೆಲೆ ಚೆನ್ನಾಗಿ ಇಳಿಯುತ್ತದೆ.

ತುಂಗಾತೀರ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡೆಕ್ಸ್‌ಡ್ ಆಗಲೇ ಹಾಕಿ ನೋಡಿದೆ. ಎಲೆಕ್ಟ್ರಿಕ್ ಪಿಯಾನೊ ಕೇಳಿ ನಿರ್ದೇಶಕರು "ಇದೇ, ಇದೇ" ಅಂದರು. ಜೂನೋಗೆ ಟಾಲ್ ಮತ್ತು ಚೆರ್ರಿ ಎರಡರ ಟ್ರಯಲ್ ಕೇಳುತ್ತಿದ್ದೇನೆ, ಟಾಲ್ ಕಡೆಗೇ ಮನಸ್ಸು ವಾಲುತ್ತಿದೆ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತಿದೆ. ಡಿ-50 ಬೇಕಾಗಿರುವುದು ಎರಡು ದೃಶ್ಯಗಳಿಗೆ ಮಾತ್ರ, ಅದಕ್ಕೆ ಒಂದು ತಿಂಗಳ ಚಂದಾ ಸಾಕು.

ಕಪ್ಪು_ಮೂರು ಸರ್, ಆಡಿಯೋ ಆಗಿ ಇಳಿಸಿಕೊಳ್ಳುವಾಗ ಏನೇನು ನೋಡಿಕೊಳ್ಳಬೇಕು? ಶ್ರುತಿ ಬದಲಾಯಿಸುವ ಪ್ರಸಂಗ ನಮಗೂ ಬಂದೇ ಬರುತ್ತದೆ.

ಕಪ್ಪು_ಮೂರು ಬರೆದದ್ದು:

ರೀಪರ್‌ನಲ್ಲಿ ಟ್ರ್ಯಾಕ್ ಮೇಲೆ ಬಲ ಕ್ಲಿಕ್ ಮಾಡಿದರೆ ಫ್ರೀಜ್ ಅಂತ ಇದೆ. ಆಡಿಯೋ ಆಗಿ ಬದಲಾಗುತ್ತದೆ, ಮಿಡಿ ಸ್ವರಗಳೂ ಪ್ಲಗಿನ್ ಸೆಟ್ಟಿಂಗೂ ಪ್ರಾಜೆಕ್ಟ್ ಒಳಗೇ ಉಳಿದಿರುತ್ತವೆ. ಮುಂದೆ ಯಾವತ್ತಾದರೂ ಮತ್ತೆ ಚಂದಾ ಕಟ್ಟಿದರೆ ಅನ್‌ಫ್ರೀಜ್ ಮಾಡಬಹುದು. ಅದರ ಜೊತೆಗೆ ಬಿಡಿ ವೇವ್ ಫೈಲ್‌ಗಳನ್ನೂ ಇಳಿಸಿ ಬೇರೆ ಡಿಸ್ಕ್‌ನಲ್ಲಿ ಇಡಿ. 24 ಬಿಟ್ ಸಾಕು. ರಿವರ್ಬ್ (ಅನುರಣನದ ಇಫೆಕ್ಟ್) ಇಲ್ಲದೆ ಇಳಿಸಿ. ಒಂದೊಂದು ರಂಗಮಂದಿರದ ಗುಂಯ್‌ಗುಡುವಿಕೆ ಒಂದೊಂದು ತರ, ರಿವರ್ಬ್ ಅಲ್ಲಿಗೆ ಹೋದ ಮೇಲೆ ಹಾಕಿಕೊಳ್ಳಬಹುದು.

ಶ್ರುತಿಗೆ ನಾನು ಮಾಡುವುದು ಹೀಗೆ. ಚಂದಾ ಇರುವ ತಿಂಗಳಲ್ಲೇ ಅದೇ ಭಾಗವನ್ನು ಮೂಲ ಶ್ರುತಿ, ಅರ್ಧ ಮನೆ ಕೆಳಗೆ, ಒಂದು ಮನೆ ಕೆಳಗೆ ಅಂತ ಮೂರು ಸಲ ಇಳಿಸಿಡುತ್ತೇನೆ. ಆಡಿಯೋದ ಶ್ರುತಿಯನ್ನು ಆಮೇಲೆ ಎಳೆದು ತಗ್ಗಿಸಿದರೆ ಗಂಟೆಯ ಏಟು ಮಂಕಾಗುತ್ತದೆ. ಸಿಂಥ್‌ನಿಂದಲೇ ಕೆಳಗಿನ ಸ್ವರದಲ್ಲಿ ತೆಗೆದರೆ ಏಟು ಚೂಪಾಗಿಯೇ ಉಳಿಯುತ್ತದೆ.

ಇನ್ನೊಂದು, ಜೂನೋ ವಿಷಯ. ಅದರ ಕೋರಸ್ ಎಡಕ್ಕೆ ಒಂದು ತರ, ಬಲಕ್ಕೆ ಇನ್ನೊಂದು ತರ ತೂಗುತ್ತದೆ, ಆ ಅಗಲ ಬರುವುದು ಅದರಿಂದಲೇ. ನಮ್ಮ ಕಡೆ ಎಷ್ಟೋ ರಂಗಮಂದಿರಗಳಲ್ಲಿ ಸೌಂಡ್ ಮೊನೊ. ಎರಡೂ ಒಂದಕ್ಕೇ ಸೇರಿದರೆ ಆ ಅಗಲ ಉಳಿಯುವುದಿಲ್ಲ. ಪ್ಯಾಡ್ ಅಂತಿಮ ಮಾಡುವ ಮೊದಲು ಮಾಸ್ಟರ್‌ನಲ್ಲಿ ಮೊನೊ ಬಟನ್ ಒತ್ತಿ ಒಮ್ಮೆ ಕೇಳಿ. ತೀರಾ ತೆಳ್ಳಗಾದರೆ ಕೋರಸ್ ಆಫ್ ಮಾಡಿದ ಒಂದು ಪ್ರತಿಯನ್ನೂ ಇಳಿಸಿಕೊಂಡು, ಎರಡನ್ನೂ ಬೆರೆಸಿ ಬಳಸಿ. ಸಾಗರಕ್ಕೆ ಹೊರಡುವ ಮೊದಲು ಅಲ್ಲಿನ ಸೌಂಡ್‌ನವರಿಗೆ ಫೋನ್ ಮಾಡಿ ಸ್ಟೀರಿಯೋನಾ ಮೊನೊನಾ ಅಂತ ಕೇಳಿಬಿಡಿ.