ಸಹಾಯ ಬೇಕು: ಮೈಸೂರಲ್ಲಿ ಕನ್ನಡದ ಎಎ ಮೀಟಿಂಗ್

ಕುಡಿತ ಬಿಡಲು ಹೊರಟವರನ್ನು ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಸಭೆಗೆ ಕಳಿಸಬೇಕಿದೆ. ನಮ್ಮ ಪಟ್ಟಿ ಹಳೆಯದು, ದಯವಿಟ್ಟು ಸರಿಮಾಡಿಕೊಡಿ.

ಬೇಕಾದ್ದು: ವಾರ, ಸಮಯ, ಭಾಷೆ, ಓಪನ್ನೋ ಕ್ಲೋಸ್ಡೋ. ಓಪನ್ ಸಭೆಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಹೆಂಡತಿ-ಮಕ್ಕಳಿಗೆ ಅಲ್-ಅನಾನ್ (ಕುಡಿಯುವವರ ಮನೆಯವರ ಸಭೆ) ಇದ್ದರೆ ಅದನ್ನೂ ತಿಳಿಸಿ.

ಮುಖ್ಯವಾಗಿ ಯಾವ ಗೇಟು, ಎಷ್ಟನೇ ಮಹಡಿ ಅಂತ ಬರೆಯಿರಿ. ಸಭೆ ಶಾಲೆಯದೋ ಚರ್ಚಿನದೋ ಹಿಂದಿನ ಕೋಣೆಯಲ್ಲಿರುತ್ತದೆ, ಹೊರಗೆ ಬೋರ್ಡಿಲ್ಲ. ಹೊಸಬರು ವಾಚ್‌ಮನ್ ಹತ್ತಿರ ಕೇಳಲು ನಾಚಿ ವಾಪಸ್ ಹೋಗುತ್ತಾರೆ, ದಾರಿಯಲ್ಲೇ ಬಾರ್. ಗೇಟಿನ ಬಳಿ ಹತ್ತು ನಿಮಿಷ ಮೊದಲೇ ನಿಲ್ಲುವ ಹಳೇ ಸದಸ್ಯರೊಬ್ಬರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಕಳಿಸುವವರಿಗೂ ಒಂದು ಮಾತು: ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಮೊದಲ ದಿನ ಸುಮ್ಮನೆ ಕೂತರೂ ಸಾಕು. ಆದರೆ ದಿನಾ ಕುಡಿಯುವವರನ್ನು ದಿಢೀರ್ ನಿಲ್ಲಿಸಿ ನೇರ ಸಭೆಗೆ ಕರೆತರಬೇಡಿ. ಮೊದಲ ಎರಡು ದಿನದಲ್ಲಿ ಫಿಟ್ಸ್, ಆಮೇಲೆ ಸನ್ನಿ ಬರುವ ಅಪಾಯವಿದೆ; ಮೊದಲು ಡಾಕ್ಟರು. ಕುಡಿತ ಬಿಡುವವರಿಗೆ ಸರ್ಕಾರಿ ಸಹಾಯವಾಣಿ 14446.

ಸದಸ್ಯರ ಹೆಸರು, ಫೋಟೊ ಇಲ್ಲಿ ಹಾಕಬೇಡಿ.