ಹಳೇ ಬುಲೆಟ್ 350: ಘಾಟಿ ಇಳಿದ ಮೇಲೆ ನೀಲಿ ಹೊಗೆ. ಬೋರ್ ಮಾಡಿಸಬೇಕಾ, ಗೈಡ್ ಬದಲಿಸಬೇಕಾ?

ಘಾಟಿಸವಾರ:
ನಮಸ್ಕಾರ. ಗಾಡಿ 1984ರ ಬುಲೆಟ್, ಕ್ಯಾಸ್ಟ್ ಐರನ್ ಎಂಜಿನ್, ಬಲಗಾಲಿನ ಗೇರು. ಚಾರ್ಮಾಡಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಸ್ತೀನಿ. ಕೆಳಗೆ ಬಂದು ಮತ್ತೆ ತಿರುವಿದ್ರೆ ಹಿಂದಿನವರಿಗೆ ದಾರಿ ಕಾಣಲ್ಲ, ಅಷ್ಟು ನೀಲಿ ಹೊಗೆ. ಸ್ವಲ್ಪ ದೂರ ಹೋದ್ರೆ ತಾನಾಗೇ ನಿಲ್ಲುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗಲೂ ಒಂದಿಷ್ಟು ಬರುತ್ತೆ. ಏರಿನಲ್ಲಿ ಮಾತ್ರ ಹೊಗೆ ಇಲ್ಲ, ಪಿಕಪ್ಪೂ ಇದೆ. ಮೆಕ್ಯಾನಿಕ್ ಬೋರ್ ಮಾಡಿಸಿ (ಸಿಲಿಂಡರ್ ಒಳಗೋಡೆ ಕೊರೆಸಿ) ಹೊಸ ಪಿಸ್ಟನ್ ಹಾಕೋಣ ಅಂತಿದ್ದಾರೆ. ಬಲ್ಲವರು ಏನಂತೀರಿ?

ಲೇತ್‌ಮನೆ:
ಬೋರ್‌ಗೆ ಈಗಲೇ ಕೈ ಹಾಕಬೇಡಿ ಸರ್. ಪಿಸ್ಟನ್ ರಿಂಗ್ ಸವೆದಿದ್ರೆ ಏರಿನಲ್ಲಿ, ಲೋಡ್ ಬಿದ್ದಾಗ ಹೊಗೆ ಕಾಣಬೇಕಿತ್ತು. ನಿಮ್ಮದು ಅದರ ತದ್ವಿರುದ್ಧ. ಆಕ್ಸಿಲರೇಟರ್ ಮುಚ್ಚಿ ಇಳಿಯುವಾಗ ಇನ್‌ಲೆಟ್ ಪೋರ್ಟಿನಲ್ಲಿ (ಗಾಳಿ, ಪೆಟ್ರೋಲ್ ಒಳಬರುವ ದಾರಿ) ಎಳೆತ ಜಾಸ್ತಿ. ಗೈಡ್, ಅಂದ್ರೆ ವಾಲ್ವ್ ಕಾಂಡ ಓಡಾಡುವ ಕೊಳವೆ, ಸವೆದಿದ್ರೆ ರಾಕರ್ (ವಾಲ್ವ್ ಒತ್ತುವ ತೋಳು) ಹತ್ತಿರದ ಆಯಿಲ್ ವಾಲ್ವ್ ಕಾಂಡದ ಪಕ್ಕದಲ್ಲೇ ಕೆಳಗಿಳಿಯುತ್ತೆ. ಈ ಹಳೇ ಎಂಜಿನ್‌ಗೆ ವಾಲ್ವ್ ಸೀಲ್ ಇಲ್ಲ, ಗೈಡ್ ಎಷ್ಟು ಬಿಗಿಯೋ ಅಷ್ಟೇ ರಕ್ಷಣೆ.

ಆದ್ರೆ ಬೆಳಗಿನ ಹೊಗೆಗೆ ಇನ್ನೊಂದು ಕಾರಣವೂ ಇರಬಹುದು. ಬುಲೆಟ್‌ನ ಆಯಿಲ್ ಟ್ಯಾಂಕ್ ಎಂಜಿನ್ ಕೇಸಿನ ಒಳಗೇ ಇದೆ. ಗಾಡಿ ನಿಂತಾಗ ಪಂಪ್ ದಾಟಿ ಆಯಿಲ್ ಕ್ರ್ಯಾಂಕ್ ಕಡೆ ಇಳಿದುಬಿಡುತ್ತೆ. ರಾತ್ರಿ ನಿಲ್ಲಿಸುವಾಗ ಮತ್ತು ಬೆಳಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮಟ್ಟ ಬೆಳಗ್ಗೆ ತುಂಬಾ ಇಳಿದಿದ್ರೆ ಮೊದಲು ಪಂಪ್ ವಿಚಾರ.

ಯೆಜ್ಡಿಪ್ರಿಯ:
ಇದಕ್ಕೇ ನಾನು ನಮ್ಮ ಮೈಸೂರಿನ ಗಾಡಿ, ಟೂ-ಸ್ಟ್ರೋಕ್ ಯೆಜ್ಡಿ ಬಿಟ್ಟಿಲ್ಲ. ವಾಲ್ವೇ ಇಲ್ಲ, ಹೊಗೆ ಬರದಿದ್ರೇನೇ ಗಾಬರಿ 😀

ಘಾಟಿಸವಾರ:
ಡಿಪ್‌ಸ್ಟಿಕ್ ನೋಡಿದೆ, ರಾತ್ರಿ ಇದ್ದಷ್ಟೇ ಇದೆ. ಹೆಡ್ (ಸಿಲಿಂಡರ್ ಮೇಲೆ ಕೂರುವ, ವಾಲ್ವ್ ಇರುವ ಭಾಗ) ಬಿಚ್ಚಿಸಿದೆ. ಇನ್‌ಲೆಟ್ ವಾಲ್ವ್ ಸ್ವಲ್ಪ ಎತ್ತಿ ಹಿಡಿದು ಅಲ್ಲಾಡಿಸಿದ್ರೆ ಟಕಟಕ ಅಂತ ಆಡುತ್ತೆ. ಅದರ ಹಿಂಭಾಗದಲ್ಲಿ ಹಸಿಹಸಿ ಕಪ್ಪು ಮಸಿ ಕಟ್ಟಿದೆ. ಎಕ್ಸಾಸ್ಟ್ ಮಸಿ ಒಣಗಿದೆ, ಆಟವೂ ಕಡಿಮೆ. ವಾಲ್ವ್ ಮಾತ್ರ ಹೊಸದು ಹಾಕಿದ್ರೆ ನಡೆಯುತ್ತಾ? ಗೈಡ್ ಬಡಿದು ತೆಗೆಯೋಕೆ ಹೆಡ್ ಸೀಳುತ್ತೆ ಅಂತ ಹೆದರಿಸಿದ್ದಾರೆ.

ಲೇತ್‌ಮನೆ:
ಹಸಿ ಮಸಿಯೇ ಸಾಕ್ಷಿ. ವಾಲ್ವ್ ಮಾತ್ರ ಹಾಕಿದ್ರೆ ದುಡ್ಡು ದಂಡ, ಸವೆದ ತೂತಿನಲ್ಲಿ ಹೊಸ ವಾಲ್ವೂ ಹಾಗೇ ಆಡುತ್ತೆ. ಹೇಗೂ ಬಿಚ್ಚಿದ್ದೀರಿ, ಎರಡೂ ಗೈಡ್, ಎರಡೂ ವಾಲ್ವ್ ಒಟ್ಟಿಗೇ ಬದಲಿಸಿ.

ಹೆದರಿಕೆ ಸುಳ್ಳಲ್ಲ, ಆದ್ರೆ ಅದು ತಣ್ಣಗಿರುವ ಹೆಡ್ಡಿಗೆ ಸುತ್ತಿಗೆ ಹಾಕೋರ ಕಥೆ. ಕ್ಯಾಸ್ಟ್ ಐರನ್ ಅಂತ ಕರೆದ್ರೂ ಐರನ್ ಇರೋದು ಬ್ಯಾರಲ್ (ಸಿಲಿಂಡರ್), ಹೆಡ್ ಅಲ್ಯೂಮಿನಿಯಂ. ಬಿಸಿಯಾದ್ರೆ ಹೆಡ್ ಗೈಡ್‌ಗಿಂತ ಹೆಚ್ಚು ಹಿಗ್ಗುತ್ತೆ, ಹಿಡಿತ ಸಡಿಲವಾಗುತ್ತೆ. ಓವನ್‌ನಲ್ಲಿ 150ರಿಂದ 180 ಡಿಗ್ರಿಗೆ ಇಡೀ ಹೆಡ್ ಕಾಯಿಸಬೇಕು. ಗ್ಯಾಸ್ ಕಟರ್ ಜ್ವಾಲೆಯನ್ನ ಒಂದೇ ಕಡೆ ಹಿಡಿಯೋಕೆ ಬಿಡಲೇಬೇಡಿ, ಹೆಡ್ ಸೊಟ್ಟಗಾಗುತ್ತೆ. ಬಡಿಯೋ ಮುಂಚೆ ಪೋರ್ಟ್ ಒಳಗೆ ಚಾಚಿರೋ ಗೈಡ್ ತುದಿಯ ಮಸಿ ಪೂರ್ತಿ ಕೆರೆದು ತೆಗೀಬೇಕು. ಅದು ಉಳಿದ್ರೆ ಹೊರಬರುವಾಗ ಹೆಡ್ಡಿನ ತೂತನ್ನೇ ಗೀರಿಕೊಂಡು ಬರುತ್ತೆ. ಹಳೇ ಗೈಡ್ ಎಷ್ಟು ಎತ್ತರ ನಿಂತಿದೆ ಅಂತ ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ತೂತು ದೊಡ್ಡದಾಗಿದ್ರೆ ಹೊರ ಅಳತೆ ದಪ್ಪವಿರುವ ಗೈಡ್ ಲೇತ್‌ನಲ್ಲಿ ಮಾಡಿಸಬೇಕು, ಲಾಕ್‌ಟೈಟ್ ಅಂಟು ಬಳಿದು ಕೂರಿಸೋದು ಕೆಲಸ ಅಲ್ಲ. ಹೊಸ ಗೈಡನ್ನ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಬಿಸಿ ಹೆಡ್ಡಿಗೆ ಹೊಡೆದ್ರೆ ಸಲೀಸಾಗಿ ಕೂರುತ್ತೆ. ಕೂತ ಮೇಲೆ ಒಳತೂತು ಸ್ವಲ್ಪ ಕುಗ್ಗಿರುತ್ತೆ, ತೂತನ್ನ ಅಳತೆಗೆ ತರೋ ರೀಮರ್ ಆಡಿಸಲೇಬೇಕು.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ಹೊಸ ಗೈಡಿನ ಮಧ್ಯ ಹಳೇ ಸೀಟಿನ (ವಾಲ್ವ್ ಮುಚ್ಚಿದಾಗ ಕೂರುವ ಅಂಚು) ಮಧ್ಯಕ್ಕೆ ಕೂಡಲ್ಲ. ಗೈಡ್ ಒಳಗೆ ಕಡ್ಡಿ ತೂರಿಸಿ, ಅದನ್ನೇ ಆಧಾರ ಮಾಡಿಕೊಂಡು 45 ಡಿಗ್ರಿ ಸೀಟ್ ಕಟಿಂಗ್ ಆಗಬೇಕು. ಗ್ರೈಂಡಿಂಗ್ ಪೇಸ್ಟ್ ಹಾಕಿ ಉಜ್ಜೋದು ಅದಾದ ಮೇಲೆ. ಬರೀ ಪೇಸ್ಟ್‌ನಲ್ಲೇ ಸೀಟ್ ಸರಿಮಾಡ್ತೀನಿ ಅಂದವರಿಗೆ ಹೆಡ್ ಕೊಡಬೇಡಿ. ಕೊನೆಗೆ ಸ್ಪ್ರಿಂಗ್ ಹಾಕಿ ಪೋರ್ಟಿಗೆ ಪೆಟ್ರೋಲ್ ಸುರಿದು ಸ್ವಲ್ಪ ಹೊತ್ತು ಬಿಡಿ, ಒಳಗೆ ಜಿನುಗಬಾರದು.

ಘಾಟಿಸವಾರ:
ಅಣ್ಣಾ, ಹೇಳಿದ ಹಾಗೇ ಮಾಡಿಸಿದೆ. ಇನ್‌ಲೆಟ್ ಕಡೆ ತೂತು ದೊಡ್ಡದಾಗಿತ್ತು, ಗೈಡ್ ಲೇತ್‌ನಲ್ಲೇ ಆಯ್ತು. ಚಾರ್ಮಾಡಿ ಇಳಿದೆ, ಹೊಗೆ ಇಲ್ಲ. ಆದ್ರೆ ಬಿಸಿಯಾದ ಮೇಲೆ ನಿಂತಲ್ಲಿ ಮಿಸ್ ಹೊಡೀತಿದೆ, ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದ್ರೆ ಕಂಪ್ರೆಷನ್ನೂ ಕಮ್ಮಿ ಅನ್ಸುತ್ತೆ.

ಲೇತ್‌ಮನೆ:
ಟ್ಯಾಪೆಟ್ (ಕ್ಯಾಮ್ ಮತ್ತು ಪುಶ್‌ರಾಡ್ ನಡುವಿನ, ವಾಲ್ವ್ ಸಡಿಲ ಹೊಂದಿಸುವ ಭಾಗ) ಬಿಗಿಯಾಗಿದೆ. ಹೊಸ ಸೀಟಿನಲ್ಲಿ ವಾಲ್ವ್ ಕೂತ ಹಾಗೆ ಇದ್ದ ಸಡಿಲವೂ ಮುಚ್ಚಿಹೋಗುತ್ತೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪಿಸ್ಟನ್ನನ್ನ ಕಂಪ್ರೆಷನ್ ಸ್ಟ್ರೋಕಿನ ತುದಿಗೆ ತಂದು ಬ್ಯಾರಲ್ ಪಕ್ಕದ ಮುಚ್ಚಳ ತೆಗೀರಿ. ಒಳಗಿನ ಪುಶ್‌ರಾಡ್ (ರಾಕರನ್ನ ತಳ್ಳುವ ಉದ್ದ ಕಡ್ಡಿ) ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ತಿರುಗದಿದ್ರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ ಅಂತಲೇ ಲೆಕ್ಕ, ಹಾಗೇ ಓಡಿಸಿದ್ರೆ ಎಕ್ಸಾಸ್ಟ್ ವಾಲ್ವ್ ಸುಡುತ್ತೆ. ಹೆಡ್ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಿ. ಟ್ಯಾಪೆಟ್ ಸೆಟ್ ಮಾಡೋದು ನಟ್ ಬಿಗಿದ ಮೇಲೆ, ಮುಂಚೆ ಅಲ್ಲ.